ನಿಲ್ಲಿಸಿದ್ದ ಬೈಕಿಗೆ ಪೆಟ್ಟಾದರೆ ಕ್ಲೇಮು ಹಾಕಬೇಕೋ ಬಿಡಬೇಕೋ: ಲೆಕ್ಕ ಹಾಕುವ ಬಗೆ

ಬೆಳಿಗ್ಗೆ ಕೆಳಗಿಳಿದು ಬಂದರೆ ಬೈಕು ಮಗ್ಗುಲಾಗಿ ಮಲಗಿದೆ. ಲಿವರ್ ಬೆಂಡಾಗಿದೆ, ಕನ್ನಡಿ ಚೂರುಚೂರು, ಟ್ಯಾಂಕಿನ ಮೇಲೆ ಅಂಗೈಯಗಲದ ತಗ್ಗು. ಗುದ್ದಿದವರ ಸುಳಿವಿಲ್ಲ. ಅಕ್ಕಪಕ್ಕದವರಿಂದ ಸಿಗುವ ಸಲಹೆ ಎರಡೇ ಬಗೆಯದು. ಒಂದು, 'ಇನ್ಶೂರೆನ್ಸ್ ಇದೆಯಲ್ಲ, ಹಾಕ್ಬಿಡಿ'. ಇನ್ನೊಂದು, 'ಬೇಡ, ಎನ್‌ಸಿಬಿ ಹೋಗುತ್ತೆ'. ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಎಂದರೆ ಕ್ಲೇಮು ಹಾಕದೆ ಕಳೆದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ.

ಎರಡೂ ಲೆಕ್ಕ ಹಾಕದೆ ಆಡುವ ಮಾತು. ಎರಡನೆಯದಂತೂ ಕಾರಿನವರ ಬುದ್ಧಿವಾದ, ಬೈಕಿನವರ ಕಿವಿಗೂ ಬಿದ್ದು ಹಾಗೇ ಉಳಿದುಕೊಂಡಿದೆ. ಕಾರಿನ ಸ್ವಂತ ಹಾನಿಯ ಪ್ರೀಮಿಯಂ ದೊಡ್ಡದು, ಅದರಲ್ಲಿ ಅರ್ಧ ರಿಯಾಯಿತಿ ಕಳೆದುಕೊಂಡರೆ ಜೇಬಿಗೆ ಬಿಸಿ ತಾಗುತ್ತದೆ. 150 ಸಿಸಿ ಬೈಕಿನಲ್ಲಿ ಆ ನಷ್ಟ ಐದು ವರ್ಷದ್ದು ಸೇರಿಸಿದರೂ ಸಾವಿರ ಚಿಲ್ಲರೆ. ಬೈಕಿನ ಕ್ಲೇಮನ್ನು ನಿಜವಾಗಿ ತಿನ್ನುವುದು ಪ್ಲಾಸ್ಟಿಕ್ಕಿನ ಸವಕಳಿ (ಬಳಸಿದ ಸಾಮಾನೆಂದು ಬೆಲೆಯಲ್ಲಿ ಕಳೆಯುವ ಪಾಲು) ಮತ್ತು ಅಗ್ಗದ ಪ್ರೀಮಿಯಂ ಆಸೆಗೆ ನಾವೇ ಒಪ್ಪಿಕೊಂಡ ಸ್ವಯಂ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲಿ ನಾವೇ ಭರಿಸುವ ಮೊತ್ತ. ಹಾಗಾಗಿ ಮೊದಲು ಕೈಗೆ ಎಷ್ಟು ಬರುತ್ತದೆ ಎಂದು ನೋಡಬೇಕು, ಆಮೇಲೆ ಎಷ್ಟು ಹೋಗುತ್ತದೆ ಎಂದು.

ಬೈಕು ಎತ್ತುವ ಮುಂಚೆ

ಪೆಟ್ರೋಲ್ ಸೋರುತ್ತಿದ್ದರೆ ಮಾತ್ರ ಮೊದಲು ಎತ್ತಿ ನಿಲ್ಲಿಸಿ. ಇಲ್ಲದಿದ್ದರೆ ಬಿದ್ದ ಹಾಗೇ ಬಿಟ್ಟು ಫೋಟೋ ತೆಗೆಯಿರಿ. ದೂರದಿಂದ ಒಂದು, ಅದರಲ್ಲಿ ಬೈಕಿನ ಜೊತೆ ರಸ್ತೆ, ಗೇಟು, ಪಕ್ಕದ ಗಾಡಿಗಳು ಎಲ್ಲ ಕಾಣಬೇಕು. ನಂಬರ್ ಪ್ಲೇಟು ಓದುವಂತೆ ಒಂದು. ಪೆಟ್ಟಾದ ಪ್ರತಿ ಜಾಗದ್ದು ಹತ್ತಿರದಿಂದ ಎರಡೆರಡು. ನೆಲದ ಮೇಲಿನ ಗಾಜಿನ ಚೂರು, ಬೇರೆ ಬಣ್ಣದ ಪೇಂಟಿನ ಸಿಪ್ಪೆ, ಟೈರು ಉಜ್ಜಿದ ಗುರುತು ಇದ್ದರೆ ಅದೂ ಬೇಕು. ಕೊನೆಗೆ ಸ್ಪೀಡೋಮೀಟರಿನ ಕಿಲೋಮೀಟರ್ ಅಂಕಿ.

ಬಿದ್ದ ಮಗ್ಗುಲು ಯಾವುದು ಎಂಬುದಕ್ಕೆ ಸರ್ವೇಯರ್, ಅಂದರೆ ಹಾನಿ ಅಳೆಯಲು ವಿಮಾ ಕಂಪನಿ ನೇಮಿಸುವವರು, ಬಹಳ ಬೆಲೆ ಕೊಡುತ್ತಾರೆ. ಎಡಕ್ಕೆ ಬಿದ್ದರೆ ಕ್ಲಚ್ ಲಿವರ್, ಗೇರ್ ಲಿವರ್, ಎಡ ಫುಟ್‌ರೆಸ್ಟ್ ಪೆಟ್ಟು ತಿನ್ನುತ್ತವೆ. ಬಲಕ್ಕೆ ಬಿದ್ದರೆ ಮುಂದಿನ ಬ್ರೇಕ್ ಲಿವರ್, ಬ್ರೇಕ್ ಪೆಡಲ್, ಸೈಲೆನ್ಸರ್. ಸೈಡ್ ಸ್ಟ್ಯಾಂಡಿನಲ್ಲಿ ನಿಂತ ಬೈಕು ಮೊದಲೇ ಎಡಕ್ಕೆ ವಾಲಿರುತ್ತದೆ. ಅದು ಎಡಕ್ಕೆ ಬೀಳಬೇಕಾದರೆ ಹಿಂದಿನಿಂದ ತಳ್ಳಿಸಿಕೊಂಡು ಮುಂದೆ ಸರಿದು ಸ್ಟ್ಯಾಂಡ್ ಮಡಚಿಕೊಂಡಿರಬೇಕು. ಬಲಕ್ಕೆ ಬಿದ್ದಿದ್ದರೆ ಎಡಗಡೆಯಿಂದ ಏನೋ ನೂಕಿದೆ. ಎರಡೂ ಕಡೆ ಗೀರು ತೋರಿಸಿ 'ಒಂದೇ ಸಲ ಆಯಿತು' ಎಂದರೆ ಅದು ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳೆಯ ಗೀರಿನೊಳಗೆ ಧೂಳು ಕೂತಿರುತ್ತದೆ, ಬರಿಯ ಲೋಹಕ್ಕೆ ಕಂದು ತುಕ್ಕು ಹತ್ತಿರುತ್ತದೆ. ಹೊಸ ಗೀರು ಹೊಳೆಯುತ್ತದೆ. ಹಳೆಯ ಗಾಯವನ್ನೂ ಇದೇ ಬಿಲ್ಲಿಗೆ ತುರುಕುವ ಆಸೆ ಬಿಡಿ, ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜವಾದ ಹಾನಿಯ ಮೇಲೂ ಅನುಮಾನ ಬರುತ್ತದೆ.

ಸಿಸಿಟಿವಿ ಇದ್ದರೆ ಅದೇ ದಿನ ಕೇಳಿ. ಅಂಗಡಿ, ಅಪಾರ್ಟ್‌ಮೆಂಟುಗಳ ರೆಕಾರ್ಡರುಗಳಲ್ಲಿ ಜಾಗ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. 'ಭಾನುವಾರ ನೋಡೋಣ' ಎಂದವರಿಗೆ ಭಾನುವಾರ ಏನೂ ಉಳಿದಿರುವುದಿಲ್ಲ. ದೃಶ್ಯ ಸಿಕ್ಕರೆ ಪೆನ್‌ಡ್ರೈವಿಗೆ ಮೂಲ ಫೈಲನ್ನೇ ಹಾಕಿಸಿಕೊಳ್ಳಿ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ನಂಬರ್ ಪ್ಲೇಟು ಕಲಸಿಹೋಗುತ್ತದೆ.

ಪಾಲಿಸಿಯ ಹಾಳೆಯಲ್ಲಿ ನೋಡಬೇಕಾದದ್ದು

ಮೊದಲು ನಿಮ್ಮ ಪಾಲಿಸಿಯಲ್ಲಿ ಓಡಿ, ಅಂದರೆ ಸ್ವಂತ ಹಾನಿಯ ಭಾಗ, ಇದೆಯೋ ಇಲ್ಲವೋ ನೋಡಿ. ಎಷ್ಟೋ ಜನ ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯದು) ಕಡ್ಡಾಯ. ಶೋರೂಮಿನಲ್ಲಿ ಸಾಮಾನ್ಯವಾಗಿ ಕೊಡುವುದು ಐದು ವರ್ಷದ ಥರ್ಡ್ ಪಾರ್ಟಿ ಜೊತೆಗೆ ಒಂದೇ ವರ್ಷದ ಓಡಿ. 'ಐದು ವರ್ಷ ಇನ್ಶೂರೆನ್ಸ್ ಇದೆ' ಎಂದು ನೆನಪಿಟ್ಟುಕೊಂಡವರ ಓಡಿ ಎರಡನೇ ವರ್ಷಕ್ಕೇ ಸದ್ದಿಲ್ಲದೆ ಮುಗಿದಿರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಬೈಕಿನ ಹಾನಿಗೆ ನಿಮ್ಮ ಕಂಪನಿಯಿಂದ ಒಂದು ಪೈಸೆಯೂ ಬರುವುದಿಲ್ಲ. ಅಂಥವರು ಮುಂದಿನ ಲೆಕ್ಕವೆಲ್ಲ ಬಿಟ್ಟು 'ಗುದ್ದಿದವರು ಸಿಕ್ಕರೆ' ಭಾಗಕ್ಕೆ ಹೋಗಬಹುದು.

ಓಡಿ ಇದ್ದರೆ ಐದು ವಿಷಯ ಗುರುತು ಹಾಕಿಕೊಳ್ಳಿ: ಐಡಿವಿ (ಪಾಲಿಸಿಯಲ್ಲಿ ಬೈಕಿಗೆ ಕಟ್ಟಿದ ಬೆಲೆ) ಎಷ್ಟು, ಎನ್‌ಸಿಬಿ ಕಳೆಯುವ ಮುಂಚಿನ ಓಡಿ ಪ್ರೀಮಿಯಂ ಎಷ್ಟು, ಈಗ ಸಿಗುತ್ತಿರುವ ಎನ್‌ಸಿಬಿ ಶೇಕಡಾವಾರು ಎಷ್ಟು, ಸ್ವಯಂ ಕಡಿತ ಇದೆಯೇ, ಜೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಆಡ್-ಆನ್, ಅಂದರೆ ಹೆಚ್ಚುವರಿ ಪ್ರೀಮಿಯಂಗೆ ಸಿಗುವ ಸೌಲಭ್ಯ) ಇದೆಯೇ. ಸೆಕೆಂಡ್ ಹ್ಯಾಂಡ್ ಬೈಕಾದರೆ ಆರನೆಯದೂ ಒಂದಿದೆ. ಪಾಲಿಸಿ ಯಾರ ಹೆಸರಿನಲ್ಲಿದೆ? ಬೈಕು ಕೊಂಡ 14 ದಿನದೊಳಗೆ ಓಡಿ ಭಾಗವನ್ನು ನಿಮ್ಮ ಹೆಸರಿಗೆ ವರ್ಗ ಮಾಡಿಸಿರಬೇಕು. ಆರ್‌ಸಿ ನಿಮ್ಮ ಹೆಸರಿಗಾಗಿ ಪಾಲಿಸಿ ಹಳೇ ಮಾಲೀಕರ ಹೆಸರಿನಲ್ಲೇ ಉಳಿದಿದ್ದರೆ ಕ್ಲೇಮು ಅಲ್ಲಿಗೇ ನಿಲ್ಲುತ್ತದೆ.

ಯಾವ ಹಾನಿಗೆ ಹಣ ಬರುತ್ತದೆ ಎಂಬುದು ಸರಳ. ಬೇರೆ ಗಾಡಿ ಗುದ್ದಿದ್ದು, ಮರ ಅಥವಾ ಕೊಂಬೆ ಬಿದ್ದದ್ದು, ನೆರೆ, ಬೆಂಕಿ, ಗಲಭೆ, ಯಾರೋ ಬೇಕಂತಲೇ ಹಾಳು ಮಾಡಿದ್ದು, ಎಲ್ಲವೂ ಸೇರುತ್ತವೆ. ಸೇರದಿರುವುದು ಗೊತ್ತಿರಲಿ. ಟೈರು ಮಾತ್ರ ಕೊಯ್ದಿದ್ದರೆ ಸಿಗುವುದಿಲ್ಲ. ಬೈಕಿಗೂ ಅದೇ ಹೊತ್ತಿನಲ್ಲಿ ಹಾನಿಯಾಗಿದ್ದರೆ ಮಾತ್ರ ಟೈರಿನ ಬೆಲೆಯ ಅರ್ಧ. ಪಕ್ಕದ ಪೆಟ್ಟಿಗೆ, ಹೆಚ್ಚುವರಿ ಲೈಟು ಇಂಥ ಆಕ್ಸೆಸರಿ ಮಾತ್ರ ಕದ್ದೊಯ್ದು ಬೈಕು ಅಲ್ಲೇ ಬಿಟ್ಟಿದ್ದರೂ ಸಿಗುವುದಿಲ್ಲ. ನೀವೇ ಹಾಕಿಸಿದ ಫಾಗ್ ಲ್ಯಾಂಪ್, ಪ್ಯಾನಿಯರುಗಳನ್ನು ಪಾಲಿಸಿಯಲ್ಲಿ ಬರೆಸಿರದಿದ್ದರೆ ಅವು ಮುರಿದರೂ ಲೆಕ್ಕಕ್ಕಿಲ್ಲ. ಬೀದಿನಾಯಿ ಸೀಟು ಹರಿದದ್ದರ ಬಗ್ಗೆ ವಾದ ಮಾಡಬಹುದು. ಆದರೆ ಸೀಟ್ ಕವರಿನ ಬೆಲೆಗೆ ಆ ವಾದ ಯೋಗ್ಯವಲ್ಲ.

ಹೊಗೆ ತಪಾಸಣೆ ಚೀಟಿಯ ಅವಧಿ ಮುಗಿದಿದೆ ಎಂದು ಹೆದರಬೇಡಿ. ಬರೀ ಆ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2020ರಲ್ಲೇ ಸ್ಪಷ್ಟಪಡಿಸಿದೆ.

ಕಣ್ಣಿಗೆ ಬೀಳದ ಪೆಟ್ಟು

'ಕನ್ನಡಿ, ಲಿವರ್ ಅಷ್ಟೇ' ಎಂದು ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದ ವಾರಕ್ಕೆ ಬೈಕು ಒಂದು ಕಡೆ ಎಳೆಯತೊಡಗಿದರೆ, ಆಗ ಕ್ಲೇಮಿಗೆ ಹೋಗುವುದು ಕಷ್ಟ. ಸಾಕ್ಷ್ಯವನ್ನೇ ಬಿಚ್ಚಿ ಎಸೆದಿರುತ್ತೀರಿ. ಆದ್ದರಿಂದ ನಿರ್ಧಾರಕ್ಕೆ ಮುಂಚೆ ಹತ್ತು ನಿಮಿಷ ಬೈಕಿನ ಸುತ್ತ ಕೂತು ನೋಡಬೇಕು.

ನಿಲ್ಲಿಸಿದ್ದ ಬೈಕಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು ಹ್ಯಾಂಡಲ್ ಲಾಕ್. ಲಾಕ್ ಹಾಕಿದ ಬೈಕಿನ ಮುಂಚಕ್ರಕ್ಕೆ ಕಾರು ತಾಗಿದರೆ ಹ್ಯಾಂಡಲ್ ತಿರುಗಿ ಪೆಟ್ಟನ್ನು ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಬಲವೆಲ್ಲ ಬೆರಳುದ್ದದ ಲಾಕ್ ಪಿನ್ನಿನ ಮೇಲೆ, ಇಲ್ಲವೇ ಚಾಸಿಯ ತಲೆಭಾಗದಲ್ಲಿರುವ ಸ್ಟಾಪರಿನ ಮೇಲೆ ಬೀಳುತ್ತದೆ. ಲಾಕ್ ತೆಗೆದು ಹ್ಯಾಂಡಲನ್ನು ಎರಡೂ ಕೊನೆಯವರೆಗೆ ತಿರುಗಿಸಿ. ಒಂದು ಕಡೆ ಮೊದಲಿಗಿಂತ ಜಾಸ್ತಿ ತಿರುಗಿ ಟ್ಯಾಂಕಿಗೆ ತಾಗುತ್ತಿದ್ದರೆ ಸ್ಟಾಪರ್ ಮುರಿದಿದೆ ಅಥವಾ ಬಾಗಿದೆ. ಟಾರ್ಚ್ ಹಿಡಿದು ಅಲ್ಲಿ ಪೇಂಟು ಬಿರುಕು ಬಿಟ್ಟಿದೆಯೇ ನೋಡಿ. ಇದು ಚಾಸಿಯ ಕೆಲಸ. ಚಾಸಿ ಬದಲಿಸುವ ಮಟ್ಟಕ್ಕೆ ಹೋದರೆ ಆರ್‌ಟಿಒ ಓಡಾಟವೂ ಸೇರುತ್ತದೆ. ಇಲ್ಲಿ ಬಿರುಕು ಕಂಡಿತೆಂದರೆ ಬೇರೆ ಲೆಕ್ಕ ಬೇಕಾಗಿಲ್ಲ, ಕ್ಲೇಮು ಹಾಕಿ.

ಆಮೇಲೆ ಫೋರ್ಕು. ಬೈಕಿನ ಮುಂದೆ ನಿಂತು ಮುಂಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ನೋಡಿ. ಚಕ್ರ ನೇರ ಇದ್ದು ಹ್ಯಾಂಡಲ್ ಓರೆಯಾಗಿದ್ದರೆ ಫೋರ್ಕು ಕ್ಲ್ಯಾಂಪಿನೊಳಗೆ ತಿರುಚಿಕೊಂಡಿರಬಹುದು. ಅದು ಸಡಿಲಿಸಿ ಸರಿಮಾಡುವ ಕೆಲಸ. ಟ್ಯೂಬೇ ಬಾಗಿದ್ದರೆ ಬದಲಿಸಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಚಕ್ರ ತಿರುಗಿಸಿ, ರಿಮ್ಮಿನ ಪಕ್ಕ ಪೆನ್ನು ಸ್ಥಿರವಾಗಿ ಹಿಡಿಯಿರಿ, ಅಂತರ ಹೆಚ್ಚುಕಡಿಮೆ ಆಗುತ್ತಿದ್ದರೆ ರಿಮ್ಮು ಬೆಂಡಾಗಿದೆ. ಮುಂಚಕ್ರವನ್ನೂ ಎತ್ತಿಸಿ ಹಾಗೇ ನೋಡಿ. ಡಿಸ್ಕ್ ಕೂಡ ಇದೇ ರೀತಿ. ಗೇರ್ ಲಿವರ್ ಒಳಕ್ಕೆ ಒತ್ತಿಕೊಂಡಿದ್ದರೆ ಅದರ ಹಿಂದಿನ ಇಂಜಿನ್ ಕವರ್ ಸೀಳಿದೆಯೇ, ಆಯಿಲ್ ಜಿನುಗುತ್ತಿದೆಯೇ ನೋಡಿ. ಸೈಡ್ ಸ್ಟ್ಯಾಂಡ್ ಕೂತಿರುವ ಬ್ರ್ಯಾಕೆಟ್ಟನ್ನು ಜನ ನೋಡುವುದೇ ಇಲ್ಲ. ಎಡಕ್ಕೆ ಬಿದ್ದ ಬೈಕು ಎತ್ತಿ ನಿಲ್ಲಿಸಿದಾಗ ಮೊದಲಿಗಿಂತ ಹೆಚ್ಚು ವಾಲುತ್ತಿದ್ದರೆ ಅಲ್ಲಿ ಬಾಗಿದೆ.

ಬಿದ್ದಿದ್ದ ಬೈಕನ್ನು ಎತ್ತಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಕೆಲವು ನಿಮಿಷ ಬಿಟ್ಟು, ಕೀ ಆಫ್ ಮಾಡಿ ಆನ್ ಮಾಡಿ. ವಾಲುವಿಕೆಯ ಸೆನ್ಸರ್ ಇರುವ ಫ್ಯೂಯಲ್ ಇಂಜೆಕ್ಷನ್ ಬೈಕುಗಳು ಕೀ ತಿರುಗಿಸುವವರೆಗೆ ಸ್ಟಾರ್ಟ್ ಆಗದಿರಬಹುದು. ಅದು ಕೆಟ್ಟದ್ದಲ್ಲ. ಮೊದಲಿಗೆ ಬಿಳಿ ಹೊಗೆ ಬಂದರೆ ಏರ್ ಫಿಲ್ಟರಿಗೋ ಸಿಲಿಂಡರಿಗೋ ಆಯಿಲ್ ಹರಿದಿದೆ ಎಂದರ್ಥ.

ಬೇಸ್‌ಮೆಂಟಿನಲ್ಲಿ ನೀರು ತುಂಬಿ ಮುಳುಗಿದ ಬೈಕಿನ ಮಾತೇ ಬೇರೆ. ಅದನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ನುಗ್ಗಿದ್ದಕ್ಕೆ ಕಂಪನಿ ಹಣ ಕೊಡುತ್ತದೆ. ಸ್ಟಾರ್ಟ್ ಮಾಡಿ ಹಾಳಾದದ್ದನ್ನು 'ಆಮೇಲಿನ ಪರಿಣಾಮ' ಎಂದು ತಳ್ಳಿಹಾಕುತ್ತದೆ. ಅಲ್ಲೇ ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗಿ. ಮುಳುಗಿದ ಬೈಕಿಗೆ ಕ್ಲೇಮು ಹಾಕಬೇಕೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ, ಬಿಲ್ಲು ಅಷ್ಟು ದೊಡ್ಡದಿರುತ್ತದೆ.

ಕೈಗೆ ಎಷ್ಟು ಬರುತ್ತದೆ

ಗ್ಯಾರೇಜಿನಿಂದ ಎಸ್ಟಿಮೇಟ್ ಬರೆಸಿಕೊಳ್ಳಿ, ಕ್ಲೇಮು ನೋಂದಾಯಿಸದೆಯೇ. ಭಾಗಗಳ ಬೆಲೆ ಬೇರೆ, ಕೂಲಿ ಬೇರೆ, ಪೇಂಟಿಂಗ್ ಬೇರೆ ಸಾಲುಗಳಲ್ಲಿರಲಿ. ಒಟ್ಟು ಮೊತ್ತ ಮಾತ್ರ ಇರುವ ಚೀಟಿ ಈ ಲೆಕ್ಕಕ್ಕೆ ಉಪಯೋಗವಿಲ್ಲ, ಏಕೆಂದರೆ ಒಂದೊಂದು ಸಾಮಾನಿಗೆ ಒಂದೊಂದು ಕಡಿತ.

ಪ್ಲಾಸ್ಟಿಕ್, ರಬ್ಬರ್, ನೈಲಾನ್, ಬ್ಯಾಟರಿ, ಟೈರಿಗೆ ಶೇ 50 ಸವಕಳಿ. ಬೈಕು ಶೋರೂಮಿನಿಂದ ಬಂದು ಒಂದೇ ತಿಂಗಳಾಗಿದ್ದರೂ ಅಷ್ಟೇ. ಫೈಬರ್ ಗ್ಲಾಸಿಗೆ ಶೇ 30. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಬೈಕಿನ ವಯಸ್ಸು ನೋಡುತ್ತಾರೆ: ಆರು ತಿಂಗಳವರೆಗೆ ಏನಿಲ್ಲ, ಒಂದು ವರ್ಷದೊಳಗೆ ಶೇ 5, ಎರಡರೊಳಗೆ 10, ಮೂರರೊಳಗೆ 15, ನಾಲ್ಕರೊಳಗೆ 25, ಐದರೊಳಗೆ 35, ಐದರಿಂದ ಹತ್ತು ವರ್ಷಕ್ಕೆ 40, ಅದರ ಮೇಲೆ 50. ಪೇಂಟಿನಲ್ಲಿ ಸಾಮಗ್ರಿಯ ಬೆಲೆಗೆ ಮಾತ್ರ ಶೇ 50 ಕಡಿತ. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬಿಡಿಸಿ ಬರೆದಿರದಿದ್ದರೆ ಒಟ್ಟು ಪೇಂಟಿಂಗ್ ಮೊತ್ತದ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ. ಕೂಲಿಗೆ ಕಡಿತವಿಲ್ಲ. ಕೊನೆಗೆ ಕಡ್ಡಾಯ ಕಡಿತ 100 ರೂಪಾಯಿ, ಅದರ ಮೇಲೆ ಸ್ವಯಂ ಕಡಿತ ಒಪ್ಪಿಕೊಂಡಿದ್ದರೆ ಅದೂ ಹೋಗುತ್ತದೆ.

ಎರಡು ವರ್ಷ ನಾಲ್ಕು ತಿಂಗಳ 150 ಸಿಸಿ ಬೈಕು, ಬಲಕ್ಕೆ ಬಿದ್ದಿದೆ ಎನ್ನಿ. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು:

ಹೆಡ್‌ಲೈಟ್ ಜೋಡಣೆ (ಪ್ಲಾಸ್ಟಿಕ್) 2,400, ಸಿಗುವುದು 1,200
ಮುಂದಿನ ಮಡ್‌ಗಾರ್ಡ್ (ಪ್ಲಾಸ್ಟಿಕ್) 900, ಸಿಗುವುದು 450
ಕನ್ನಡಿ ಜೋಡಣೆ 400, ಪ್ಲಾಸ್ಟಿಕ್ ಎಂದು ಹಿಡಿದರೆ 200
ಇಂಡಿಕೇಟರ್ 300, ಸಿಗುವುದು 150
ಬ್ರೇಕ್ ಲಿವರ್ (ಲೋಹ, ಶೇ 15 ಕಡಿತ) 200, ಸಿಗುವುದು 170
ಹ್ಯಾಂಡಲ್ ಬಾರ್ (ಲೋಹ) 1,000, ಸಿಗುವುದು 850
ಟ್ಯಾಂಕಿನ ತಗ್ಗು ತೆಗೆಯುವ ಕೂಲಿ 1,200, ಪೂರ್ತಿ 1,200
ಟ್ಯಾಂಕ್ ಪೇಂಟಿಂಗ್ 1,600, ಸಿಗುವುದು 1,400
ಬಿಚ್ಚಿ ಜೋಡಿಸುವ ಕೂಲಿ 800, ಪೂರ್ತಿ 800

ಬಿಲ್ಲು 8,800. ಮಂಜೂರು 6,420, ಕಡ್ಡಾಯ ಕಡಿತ ಕಳೆದು 6,320. ಸ್ವಯಂ ಕಡಿತ 1,000 ಇದ್ದರೆ 5,320. ಜೀರೋ ಡೆಪ್ ಇದ್ದರೆ ಸುಮಾರು 8,700. ಆದರೆ ಜೀರೋ ಡೆಪ್ಪಿನಲ್ಲಿ ವರ್ಷಕ್ಕೆ ಎಷ್ಟು ಕ್ಲೇಮು ಎಂಬ ಮಿತಿ ಇರುತ್ತದೆ, ಹೆಚ್ಚಾಗಿ ಎರಡು. ಆಯಿಲ್, ಗ್ರೀಸ್, ನಟ್ಟು ಬೋಲ್ಟುಗಳಿಗೆ ಬೇರೆಯೇ ಆಡ್-ಆನ್ ಇಲ್ಲದಿದ್ದರೆ ಅವು ನಿಮ್ಮ ಖರ್ಚೇ.

ಟ್ಯಾಂಕಿನ ಸಾಲು ಗಮನಿಸಿ. ಗ್ಯಾರೇಜಿನವರು ಹೊಸ ಟ್ಯಾಂಕ್ ಬರೆಯುತ್ತಾರೆ, ಸರ್ವೇಯರ್ ತಗ್ಗು ತೆಗೆದು ಪೇಂಟು ಹೊಡೆಯಿರಿ ಎನ್ನುತ್ತಾರೆ. ಮಡಿಕೆ ಚೂಪಾಗಿದ್ದು ಲೋಹ ಹಿಗ್ಗಿದ್ದರೆ, ಅಥವಾ ಹೊಲಿಗೆಯ ಅಂಚಿಗೆ ಪೆಟ್ಟು ಬಿದ್ದು ಪೆಟ್ರೋಲ್ ಜಿನುಗುತ್ತಿದ್ದರೆ ಬದಲಿಸಲು ಒತ್ತಾಯಿಸಬಹುದು. ದುಂಡಗಿನ ತಗ್ಗಿಗೆ ಹೊಸ ಟ್ಯಾಂಕ್ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ.

ಎನ್‌ಸಿಬಿ ಎಷ್ಟು ಹೋಗುತ್ತದೆ

ಎನ್‌ಸಿಬಿ ಏರುವುದು 20, 25, 35, 45, 50 ಎಂಬ ಮೆಟ್ಟಿಲಿನಲ್ಲಿ. ಒಂದು ಕ್ಲೇಮು ಹಾಕಿದರೆ ಮುಂದಿನ ರಿನ್ಯೂವಲ್‌ಗೆ ಸೊನ್ನೆ, ಅಲ್ಲಿಂದ ಮತ್ತೆ ಏರಬೇಕು. ಇದು ಓಡಿ ಪ್ರೀಮಿಯಂಗೆ ಮಾತ್ರ. 2022ರ ಜೂನ್ 1ರ ದರದಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ ಕಟ್ಟುವ 714 ರೂಪಾಯಿ ಥರ್ಡ್ ಪಾರ್ಟಿ ಮೊತ್ತಕ್ಕೆ ಎನ್‌ಸಿಬಿ ತಾಗುವುದಿಲ್ಲ.

ಈಗ ಶೇ 25 ಇದೆ ಎನ್ನಿ. ಕ್ಲೇಮು ಹಾಕದಿದ್ದರೆ ಮುಂದಿನ ಐದು ವರ್ಷ 35, 45, 50, 50, 50. ಹಾಕಿದರೆ 0, 20, 25, 35, 45. ವ್ಯತ್ಯಾಸಗಳು 35, 25, 25, 15, 5. ಕೂಡಿದರೆ 105. ಅಂದರೆ ಒಂದು ವರ್ಷದ ಓಡಿ ಪ್ರೀಮಿಯಂನ ಶೇ 105ರಷ್ಟು ಐದು ವರ್ಷದಲ್ಲಿ ಹೋಗುತ್ತದೆ. ಇದೇ ರೀತಿ ಎಲ್ಲ ಮೆಟ್ಟಿಲಿಗೂ ಕೂಡಿದರೆ:

ಈಗ ಎನ್‌ಸಿಬಿ ಸೊನ್ನೆ ಇದ್ದರೆ ಒಟ್ಟು ನಷ್ಟ ಶೇ 50
20 ಇದ್ದರೆ ಶೇ 80
25 ಇದ್ದರೆ ಶೇ 105
35 ಇದ್ದರೆ ಶೇ 120
45 ಅಥವಾ 50 ಇದ್ದರೆ ಶೇ 125

ಬೆಂಗಳೂರಿನಲ್ಲಿ ನೋಂದಣಿಯಾದ, ಐದು ವರ್ಷದೊಳಗಿನ, 150 ಸಿಸಿವರೆಗಿನ ಬೈಕಿಗೆ ಹಳೇ ಟ್ಯಾರಿಫಿನ (ದರಪಟ್ಟಿಯ) ಮೂಲ ದರ ಐಡಿವಿಯ ಶೇ 1.708. ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೆ ಶೇ 1.676. ಕಂಪನಿಗಳು ಇದರ ಮೇಲೆ ತಮ್ಮ ರಿಯಾಯಿತಿ ಕೊಡುತ್ತವೆ, ಹಾಗಾಗಿ ನಿಮ್ಮದು ಇದಕ್ಕಿಂತ ಕಡಿಮೆಯೇ ಇರಬಹುದು. ಐಡಿವಿ 70,000 ಆದರೆ ಓಡಿ ಸುಮಾರು 1,196 ರೂಪಾಯಿ. ಅದರ ಶೇ 105 ಎಂದರೆ 1,255, ಶೇ 18 ಜಿಎಸ್‌ಟಿ ಸೇರಿ 1,481. ವರ್ಷ ವರ್ಷ ಐಡಿವಿ ಇಳಿಯುವುದರಿಂದ ನಿಜವಾದ ನಷ್ಟ ಇನ್ನೂ ಸ್ವಲ್ಪ ಕಡಿಮೆ.

ಅದೇ 350 ಸಿಸಿ ಬೈಕು, ಐಡಿವಿ 1,60,000, ದರ ಶೇ 1.793, ಎನ್‌ಸಿಬಿ ಶೇ 50 ಎಂದರೆ ನಷ್ಟ 4,200 ದಾಟುತ್ತದೆ. ದೊಡ್ಡ ಬೈಕಿನವರು ಹಿಂದೆಮುಂದೆ ನೋಡುವುದರಲ್ಲಿ ಅರ್ಥವಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ಮೇಲಿನ 150 ಸಿಸಿ ಬೈಕಿಗೆ ಬರುವುದು 6,320, ಹೋಗುವುದು 1,481. ಕಣ್ಣು ಮುಚ್ಚಿ ಹಾಕಬಹುದು. ಅದೇ ಬೈಕಿಗೆ ಕನ್ನಡಿ, ಇಂಡಿಕೇಟರ್, ಲಿವರ್, 200 ಕೂಲಿ ಸೇರಿ 1,100ರ ಬಿಲ್ಲಾಗಿದ್ದರೆ ಬರುವುದು 620 ಮಾತ್ರ. ಬಿಡಿ. ನಮ್ಮ ಅಂದಾಜಿನ ಗೆರೆ ಇದು: ಕೈಗೆ ಬರುವ ಮೊತ್ತ ಎನ್‌ಸಿಬಿ ನಷ್ಟದ ಎರಡರಷ್ಟಾದರೂ ಇರಬೇಕು. ಮೇಲಿನ ಅರ್ಧ ಗ್ಯಾರೇಜಿನ ಓಡಾಟಕ್ಕೆ, ವಾರಗಟ್ಟಲೆ ಬೈಕಿಲ್ಲದೆ ಆಟೋ ಹಿಡಿಯುವುದಕ್ಕೆ, ಸರ್ವೇಯರ್ ಅಲ್ಲಲ್ಲಿ ಕತ್ತರಿ ಹಾಕುವುದಕ್ಕೆ, ಕ್ಲೇಮು ಇಲ್ಲದವರಿಗೆಂದು ಕಂಪನಿ ಕೊಡುತ್ತಿದ್ದ ಹೆಚ್ಚುವರಿ ರಿಯಾಯಿತಿ ತಪ್ಪುವುದಕ್ಕೆ.

ಈ ಗೆರೆ ಸರಿಯುವ ಸಂದರ್ಭಗಳಿವೆ. ಇದೇ ಪಾಲಿಸಿ ವರ್ಷದಲ್ಲಿ ಆಗಲೇ ಒಂದು ಕ್ಲೇಮು ಪಾವತಿಯಾಗಿದ್ದರೆ ಎನ್‌ಸಿಬಿ ಹೋಗಿಯಾಗಿದೆ. ಎರಡನೆಯದಕ್ಕೆ ಆ ಲೆಕ್ಕದಲ್ಲಿ ನಷ್ಟ ಸೊನ್ನೆ. ಬೈಕು ಮಾರಿ ಇನ್ನು ದ್ವಿಚಕ್ರ ವಾಹನವೇ ಬೇಡ ಎಂದುಕೊಂಡಿದ್ದರೂ ಅಷ್ಟೇ. ಎನ್‌ಸಿಬಿ ಬೈಕಿನದಲ್ಲ, ನಿಮ್ಮದು. ಆದರೆ ಅದೇ ವರ್ಗದ ವಾಹನಕ್ಕೆ ಮಾತ್ರ ಒಯ್ಯಬಹುದು. ಬೈಕಿನ ಎನ್‌ಸಿಬಿಯನ್ನು ಕಾರಿಗೆ ಹಾಕಲು ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಮುಂದಿನ ತಿಂಗಳು ದುಬಾರಿ ಹೊಸ ಬೈಕು ಕೊಳ್ಳುವವರು ಶೇ 50 ಎನ್‌ಸಿಬಿಯನ್ನು ಹಳೇ ಬೈಕಿನ ಸಣ್ಣ ಕ್ಲೇಮಿಗೆ ಸುಡಬಾರದು. ನಷ್ಟವನ್ನು ಹೊಸ ಬೈಕಿನ ಓಡಿ ಪ್ರೀಮಿಯಂ ಮೇಲೆ ಲೆಕ್ಕ ಹಾಕಬೇಕು. ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ದರೆ ಅದರ ಷರತ್ತು ಓದಿ, ಎಷ್ಟು ಕ್ಲೇಮಿನವರೆಗೆ ಎಂದು ಬರೆದಿರುತ್ತದೆ.

ಹಳೇ ಬೈಕಿನವರಿಗೆ ಇನ್ನೊಂದು ಗುಂಡಿ ಇದೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಬಹುದು. ಐಡಿವಿ 18,000 ಇರುವ ಬೈಕಿಗೆ ಆ ಗೆರೆ 13,500. ಅಧಿಕೃತ ಸರ್ವಿಸ್ ಸೆಂಟರಿನ ಎಸ್ಟಿಮೇಟು ಸಲೀಸಾಗಿ ಅದನ್ನು ದಾಟುತ್ತದೆ. ಓಡಿಸಲು ಚೆನ್ನಾಗಿರುವ ಬೈಕನ್ನು ಕಳೆದುಕೊಳ್ಳಲು ಇಷ್ಟವಿಲ್ಲದಿದ್ದರೆ ಎಸ್ಟಿಮೇಟಿನಲ್ಲಿ ಬದಲಿಸುವ ಬದಲು ಸರಿಮಾಡಬಹುದಾದದ್ದು ಯಾವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಗುದ್ದಿದವರು ಸಿಕ್ಕರೆ

ನಂಬರ್ ಸಿಕ್ಕರೆ ಎಂಪರಿವಾಹನ್ ಆಪಿನಲ್ಲಿ ಆ ಗಾಡಿಯ ವಿಮೆ ಚಾಲ್ತಿಯಲ್ಲಿದೆಯೇ ನೋಡಬಹುದು. ನಿಂತಿದ್ದ ಗಾಡಿಗೆ ಗುದ್ದಿದಲ್ಲಿ ತಪ್ಪು ಯಾರದು ಎಂಬ ವಾದಕ್ಕೆ ಹೆಚ್ಚು ಜಾಗವಿಲ್ಲ, ನೀವು ತಿರುವಿನಲ್ಲೋ ನೋ ಪಾರ್ಕಿಂಗಿನಲ್ಲೋ ನಿಲ್ಲಿಸಿರದಿದ್ದರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಇನ್ನೊಬ್ಬರ ಆಸ್ತಿಗೆ ಹಾನಿ ಮಾಡಿದ ಚಾಲಕನ ಮೇಲೂ ಕರ್ತವ್ಯ ಹೊರಿಸುತ್ತದೆ, ಸುಮ್ಮನೆ ಹೊರಟುಹೋಗುವಂತಿಲ್ಲ.

ಅವರ ಥರ್ಡ್ ಪಾರ್ಟಿ ವಿಮೆಯಿಂದ ಹಣ ಪಡೆಯುವ ದಾರಿ ಕಾನೂನಿನಲ್ಲಿದೆ. ಆದರೆ ಅದು ಪೊಲೀಸ್ ದೂರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ ಹೋಗುತ್ತದೆ. ಒಂಬತ್ತು ಸಾವಿರದ ಬಿಲ್ಲಿಗೆ ಆ ದಾರಿ ಹಿಡಿಯುವವರು ಅಪರೂಪ. ಎಸ್ಟಿಮೇಟ್ ಹಾಳೆ ತೋರಿಸಿ ರಿಪೇರಿ ಖರ್ಚನ್ನು ಅವರಿಂದಲೇ ಪಡೆಯುವುದು ಎಲ್ಲರಿಗೂ ಸಲೀಸು. ಬಾಯಿಲೆಕ್ಕಕ್ಕೆ ಒಪ್ಪಬೇಡಿ. 'ಎರಡು ಸಾವಿರ ತಗೊಳ್ಳಿ' ಎಂದು ಕೈಗಿಡುವಾಗ ಹ್ಯಾಂಡಲ್ ಸ್ಟಾಪರನ್ನು ಯಾರೂ ನೋಡಿರುವುದಿಲ್ಲ. ಹಣ ಗ್ಯಾರೇಜಿಗೇ ನೇರವಾಗಿ ಕಟ್ಟಿಸಿದರೆ ಇನ್ನೂ ಒಳ್ಳೆಯದು.

ಅವರಿಂದ ಪೂರ್ತಿ ಖರ್ಚು ಪಡೆದು ಅದೇ ಹಾನಿಗೆ ನಿಮ್ಮ ಕಂಪನಿಯಲ್ಲೂ ಕ್ಲೇಮು ಹಾಕಬಾರದು. 'ಇನ್ನು ಯಾವ ಹಕ್ಕೂ ಇಲ್ಲ' ಎಂದು ಸಹಿ ಹಾಕಿಕೊಟ್ಟು ಆಮೇಲೆ ಕ್ಲೇಮಿಗೆ ಹೋದರೂ ತೊಡಕೇ, ಗುದ್ದಿದವರಿಂದ ವಸೂಲು ಮಾಡುವ ಕಂಪನಿಯ ಹಕ್ಕನ್ನೇ ನೀವು ಬಿಟ್ಟುಕೊಟ್ಟಂತಾಗುತ್ತದೆ.

ಹಾಕುವುದೆಂದು ತೀರ್ಮಾನಿಸಿದ ಮೇಲೆ

ತೀರ್ಮಾನಕ್ಕೆ ಒಂದೆರಡು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಪ್ರಾಮಾಣಿಕ ಕ್ಲೇಮನ್ನು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಕರ 2011ರ ಸೆಪ್ಟೆಂಬರ್ 20ರ ಸುತ್ತೋಲೆ ಹೇಳುತ್ತದೆ. ಆದರೂ ತಡವಾದಷ್ಟೂ ಪ್ರಶ್ನೆ ಹೆಚ್ಚು. ಸರ್ವೇ ಮುಗಿಯುವವರೆಗೆ ಏನನ್ನೂ ಬಿಚ್ಚಬೇಡಿ, ಮುರಿದ ಕನ್ನಡಿಯನ್ನೂ ಎಸೆಯಬೇಡಿ. ಸಣ್ಣ ಹಾನಿಗೆ ವಿಡಿಯೋ ಕಾಲಿನಲ್ಲೇ ಸರ್ವೇ ಮುಗಿಸುವುದುಂಟು. ಆಗ ಚಾಸಿ ನಂಬರನ್ನೂ ಸ್ಟಾಪರನ್ನೂ ಬೆಳಕು ಬಿಟ್ಟು ತೋರಿಸಿ.

ಕ್ಲೇಮ್ ಫಾರಂ ನೀವೇ ತುಂಬಿ. ಕೆಲವು ಗ್ಯಾರೇಜುಗಳಲ್ಲಿ ಎಲ್ಲರಿಗೂ ಒಂದೇ ಕತೆ ಬರೆಯುವ ಅಭ್ಯಾಸವಿದೆ: 'ಹೋಗುವಾಗ ನಾಯಿ ಅಡ್ಡ ಬಂತು, ಸ್ಕಿಡ್ ಆಯಿತು'. ನಿಲ್ಲಿಸಿದ್ದ ಬೈಕಿಗೆ ಹಾಗೆ ಬರೆದರೆ ಓಡಿಸುತ್ತಿದ್ದವರು ಯಾರು, ಲೈಸೆನ್ಸ್ ಎಲ್ಲಿ, ರಸ್ತೆಗೆ ಉಜ್ಜಿದ ಗೀರು ಎಲ್ಲಿ ಎಂಬ ಪ್ರಶ್ನೆಗಳೆಲ್ಲ ಸುಮ್ಮನೆ ಮೈಮೇಲೆ ಬರುತ್ತವೆ. ಜಾರಿ ಬಿದ್ದ ಬೈಕಿನ ಗೀರು ಉದ್ದಕ್ಕೆ ಒಂದೇ ದಿಕ್ಕಿನಲ್ಲಿರುತ್ತದೆ. ನಿಂತಲ್ಲೇ ಬಿದ್ದದ್ದರ ಪೆಟ್ಟು ಚುಕ್ಕೆಯಂತೆ ಒಂದೇ ಜಾಗದಲ್ಲಿರುತ್ತದೆ. ಹೀಗೆ ಬರೆದರೆ ಸಾಕು: 'ರಾತ್ರಿ 10ಕ್ಕೆ ಮನೆ ಮುಂದೆ ಸೈಡ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿ ನಿಲ್ಲಿಸಿದ್ದೆ. ಬೆಳಿಗ್ಗೆ 6.30ಕ್ಕೆ ನೋಡಿದಾಗ ಬಲಮಗ್ಗುಲಿಗೆ ಬಿದ್ದಿತ್ತು. ಗುದ್ದಿದ ವಾಹನ ಯಾವುದೆಂದು ತಿಳಿದಿಲ್ಲ.' ಬರೀ ಗೀರು, ತಗ್ಗಿಗೆ ಸಾಮಾನ್ಯವಾಗಿ ಪೊಲೀಸ್ ಕಾಗದ ಕೇಳುವುದಿಲ್ಲ. ಬೆಂಕಿ, ಗಲಭೆ, ಬೇಕಂತಲೇ ಮಾಡಿದ ಹಾನಿಯಲ್ಲಿ ಕೇಳುತ್ತಾರೆ. ಆಗ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿರಿ.

ಸರ್ವೇಯರ್ ವರದಿಗೆ 15 ದಿನ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನಕ್ಕೆ 7 ದಿನ ಎಂಬುದು ಈಗಿನ ಗಡುವು. ಮಂಜೂರಾದ ಮೊತ್ತ ಕಡಿಮೆ ಎನಿಸಿದರೆ ಸಾಲುಸಾಲಾಗಿ ಬಿಡಿಸಿದ ಲೆಕ್ಕ ಕೇಳಿ, ಮೇಲಿನ ಸವಕಳಿ ದರಗಳೊಂದಿಗೆ ಹೋಲಿಸಿ. ಲೋಹದ ಲಿವರಿಗೆ ಶೇ 50 ಹಾಕಿರುವುದು, ಪೂರ್ತಿ ಪೇಂಟಿಂಗ್ ಮೊತ್ತದ ಅರ್ಧ ಕಡಿದಿರುವುದು, ಇವು ಹುಡುಕಿದರೆ ಸಿಗುವಂಥ ತಪ್ಪುಗಳು. ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐ ಸಹಾಯವಾಣಿ 155255.

ನೋಂದಾಯಿಸಿದ ಮೇಲೆ ಮನಸ್ಸು ಬದಲಾದರೆ ಹಣ ಪಾವತಿಯಾಗುವ ಮುಂಚೆ ಲಿಖಿತವಾಗಿ ಹಿಂತೆಗೆದುಕೊಳ್ಳಿ. 'ಪಾವತಿಯಿಲ್ಲದೆ ಮುಕ್ತಾಯ, ಎನ್‌ಸಿಬಿಗೆ ಬಾಧೆಯಿಲ್ಲ' ಎಂಬ ಇಮೇಲ್ ಕೈಯಲ್ಲಿಟ್ಟುಕೊಳ್ಳಿ. ಕ್ಲೇಮು ಪಾವತಿಯಾಗಿದ್ದರೆ ರಿನ್ಯೂವಲ್ ಹೊತ್ತಿಗೆ 'ಕಳೆದ ವರ್ಷ ಕ್ಲೇಮು ಹಾಕಿದ್ದೀರಾ' ಎಂಬ ಪ್ರಶ್ನೆಗೆ ಹೌದು ಎಂದೇ ಒತ್ತಬೇಕು. ಬೇರೆ ಕಂಪನಿಗೆ ಹೋದರೆ ಹೊಸಬರು ಹಳಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಮತ್ತು ಸುಳ್ಳು ಎನ್‌ಸಿಬಿ ಪಡೆದ ಪಾಲಿಸಿಯಲ್ಲಿ ಓಡಿ ಭಾಗದ ಹಕ್ಕೇ ಹೋಗುತ್ತದೆ. ರಿನ್ಯೂವಲನ್ನು ಅವಧಿ ಮುಗಿದ 90 ದಿನ ದಾಟಿಸಿದರೂ ಕೂಡಿಟ್ಟ ಎನ್‌ಸಿಬಿ ಸೊನ್ನೆಯಾಗುತ್ತದೆ, ಒಂದು ಗೀರೂ ಬಿದ್ದಿರದ ಬೈಕಿಗೂ.